ಸೈಕಲ್ ಸವಾರನ ಸೊಂಟದಲ್ಲಿ ಪಿಸ್ತೂಲು: ಅಮೆರಿಕದ ಕಾನೂನು ಏನನ್ನುತ್ತದೆ?

ಸೈಕಲ್ ತುಳಿಯುವವನ ಹಿಂದೆ ನಾಯಿ ಬೀಳುವುದು ನಮ್ಮ ಗಲ್ಲಿಗಳಿಗಷ್ಟೇ ಸೇರಿದ ಸಂಗತಿಯಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಸವಾರರಿಗೂ ಇದೇ ಗೋಳಿತ್ತು. ಅಲ್ಲಿನ ಬಂದೂಕು ತಯಾರಕ ಗಾಲಾಂ ಎಂಬಾತ ಇದಕ್ಕೆಂದೇ ಜೇಬಿನಲ್ಲಿ ಅಡಗುವ ಪುಟ್ಟ ರಿವಾಲ್ವರೊಂದನ್ನು ಮಾರುಕಟ್ಟೆಗೆ ತಂದ. ಅದರ ಹೆಸರು 'ವೆಲೋ-ಡಾಗ್'. ಸೈಕಲ್ಲಿನ ಹಳೆಯ ಫ್ರೆಂಚ್ ಹೆಸರಿನ ಅರ್ಧ, ಇಂಗ್ಲಿಷಿನ ನಾಯಿ ಇನ್ನರ್ಧ. ಗುಂಡಿನ ಗಾತ್ರ 5.75 ಮಿ.ಮೀ. ನಾಯಿ ಸಾಯುವುದು ಬೇಡ, ಹೆದರಿ ಓಡಿದರೆ ಸಾಕು ಎನ್ನುವವರಿಗೆ ಸೀಸದ ಬದಲು ಖಾರದ ಪುಡಿ ತುಂಬಿದ ತೋಟಾಗಳೂ ಸಿಗುತ್ತಿದ್ದವಂತೆ.

ಇಂದು ಈ ವಿಷಯ ನಿಜವಾದ ಕಾನೂನು ಪ್ರಶ್ನೆಯಾಗಿ ಏಳುವ ದೇಶ ಅಮೆರಿಕ. ಅಲ್ಲಿ ಕೆಲಸಕ್ಕೆ ಹೋಗುವಾಗ, ಕಾಡಿನ ದಾರಿಯಲ್ಲಿ ಸುತ್ತುವಾಗ ಅಂಗಿಯಡಿ ಪಿಸ್ತೂಲು ಇಟ್ಟುಕೊಂಡೇ ಪೆಡಲ್ ತುಳಿಯುವವರಿದ್ದಾರೆ. ಅದು ಸರಿಯೋ ತಪ್ಪೋ ಎಂಬ ವಾದ ಮುಗಿಯುವಂಥದ್ದಲ್ಲ. ಕಾನೂನು ಏನನ್ನುತ್ತದೆ ಎಂಬುದು ಬೇರೆ ಮಾತು. ಸಿಕ್ಕು ಇರುವುದೂ ಅಲ್ಲಿಯೇ. ಅಲ್ಲಿನ ಬಂದೂಕು ಕಾನೂನುಗಳನ್ನು ಬರೆದವರ ಕಣ್ಣ ಮುಂದೆ ನಡೆಯುವವನಿದ್ದ, ಕಾರು ಓಡಿಸುವವನಿದ್ದ. ಸೈಕಲ್ಲಿನವನು ನೆನಪಿಗೆ ಬಂದದ್ದು ಕಡಿಮೆ.

ಟೆಕ್ಸಾಸ್ ಇದಕ್ಕೆ ಒಳ್ಳೆಯ ಉದಾಹರಣೆ. 2007ರಲ್ಲಿ ಆ ರಾಜ್ಯ, ತನ್ನ ಸ್ವಂತ ಮೋಟಾರು ವಾಹನದೊಳಗೆ ಕಣ್ಣಿಗೆ ಬೀಳದಂತೆ ಪಿಸ್ತೂಲು ಇಟ್ಟುಕೊಳ್ಳುವವನಿಗೆ ಲೈಸೆನ್ಸ್ ಬೇಕಿಲ್ಲ ಎಂದಿತು. ಸೈಕಲ್ಲಿಗೆ ಮೋಟಾರಿಲ್ಲವಲ್ಲ! ಹೀಗಾಗಿ ಒಂದೇ ರಸ್ತೆಯಲ್ಲಿ, ಒಂದೇ ಬಗೆಯ ಪಿಸ್ತೂಲಿನೊಂದಿಗೆ ಹೋಗುವ ಇಬ್ಬರಲ್ಲಿ ಕಾರಿನವನು ನಿರಪರಾಧಿ, ಲೈಸೆನ್ಸ್ ಇಲ್ಲದ ಸೈಕಲ್ಲಿನವನು ಅಪರಾಧಿ. ಈ ತಾರತಮ್ಯ ಹೋಗಿದ್ದು 2021ರ ಸೆಪ್ಟೆಂಬರ್ 1ರಂದು. ಬಂದೂಕು ಹೊಂದಲು ಅನರ್ಹರಲ್ಲದ ವಯಸ್ಕರಿಗೆ ಪಿಸ್ತೂಲು ಒಯ್ಯಲು ಲೈಸೆನ್ಸ್ ಕಡ್ಡಾಯವಲ್ಲ ಎಂಬ ಕಾನೂನು ಅಂದು ಜಾರಿಗೆ ಬಂತು.

ಇನ್ನು 'ವಾಹನ' ಎಂದರೇನು? ಕ್ಯಾಲಿಫೋರ್ನಿಯಾದ ವಾಹನ ಸಂಹಿತೆ ಮನುಷ್ಯಬಲದಿಂದ ಮಾತ್ರ ಚಲಿಸುವ ಸಾಧನವನ್ನು ವಾಹನದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಆದರೂ ಸವಾರನಿಗೆ ಚಾಲಕನ ಹಕ್ಕು-ಹೊಣೆಗಳನ್ನು ಹೊರಿಸಿದೆ. ಪೆನ್ಸಿಲ್ವೇನಿಯಾದ ಸಂಹಿತೆಯಲ್ಲಿ ಸೈಕಲ್ ಸ್ಪಷ್ಟವಾಗಿ ವಾಹನವೇ. ಇದು ಬರೀ ಪದಗಳ ಜಗಳವಲ್ಲ. ಫಿಲಡೆಲ್ಫಿಯಾ ನಗರದ ಹೊರಗೆ ಪೆನ್ಸಿಲ್ವೇನಿಯಾದಲ್ಲಿ ಲೈಸೆನ್ಸ್ ಇಲ್ಲದೆಯೂ ಎಲ್ಲರಿಗೂ ಕಾಣುವಂತೆ ಪಿಸ್ತೂಲು ಸಿಕ್ಕಿಸಿಕೊಂಡು ನಡೆಯಬಹುದು. ವಾಹನದಲ್ಲಿ ಒಯ್ಯಲು ಮಾತ್ರ ಲೈಸೆನ್ಸ್ ಬೇಕು. ನಡೆಯುತ್ತಿದ್ದವನು ಸೈಕಲ್ ಏರಿದ ಕ್ಷಣ ಏನಾಗುತ್ತಾನೆ? ಲೈಸೆನ್ಸ್ ಇಲ್ಲದವನು ಆ ಪ್ರಶ್ನೆಗೆ ಉತ್ತರವನ್ನು ಕೋರ್ಟಿನಲ್ಲಿ ಹುಡುಕುವ ಸಾಹಸಕ್ಕೆ ಇಳಿಯದಿರುವುದೇ ಒಳ್ಳೆಯದು.

ಲೈಸೆನ್ಸ್ ಪಡೆಯುವ ದಾರಿ ಈಗ ಮೊದಲಿನಷ್ಟು ಕಡಿದಲ್ಲ. ನ್ಯೂಯಾರ್ಕ್ ರಾಜ್ಯ ತನ್ನ ಹಳೆಯ ಕಾನೂನಿನಡಿ, ಸಾಮಾನ್ಯರಿಗಿಲ್ಲದ ವಿಶೇಷ ಕಾರಣ ತೋರಿಸಿದವರಿಗಷ್ಟೇ ಪರವಾನಗಿ ಕೊಡುತ್ತಿತ್ತು. 2022ರ ಜೂನ್ 23ರಂದು ಸುಪ್ರೀಂ ಕೋರ್ಟ್ 'ಬ್ರೂಯೆನ್' ಪ್ರಕರಣದಲ್ಲಿ 6-3 ಬಹುಮತದಿಂದ ಆ ಷರತ್ತನ್ನು ರದ್ದು ಮಾಡಿತು. ನ್ಯೂಯಾರ್ಕ್ ಸುಮ್ಮನಿರಲಿಲ್ಲ. ಅದೇ ವರ್ಷ ಹೊಸ ಕಾನೂನು ತಂದು 16 ಗಂಟೆಗಳ ತರಗತಿ, 2 ಗಂಟೆಗಳ ಗುಂಡು ಹಾರಿಸುವ ತರಬೇತಿ ಕಡ್ಡಾಯ ಮಾಡಿತು. ಜೊತೆಗೆ ಬಂದೂಕು ಒಯ್ಯಬಾರದ 'ಸೂಕ್ಷ್ಮ ಸ್ಥಳ'ಗಳ ಉದ್ದನೆಯ ಪಟ್ಟಿ ಕೊಟ್ಟಿತು. ಸಾರ್ವಜನಿಕ ಉದ್ಯಾನ, ಬಸ್ಸು-ರೈಲು, ಬಾರು, ಟೈಮ್ಸ್ ಸ್ಕ್ವೇರ್ ಎಲ್ಲ ಅದರಲ್ಲಿವೆ. ಎಂದರೆ, ಪರವಾನಗಿ ಕಿಸೆಯಲ್ಲಿದ್ದರೂ ಸೆಂಟ್ರಲ್ ಪಾರ್ಕಿನೊಳಗೆ ಸುತ್ತು ಹೊಡೆಯುವ ಸವಾರ ಪಿಸ್ತೂಲನ್ನು ಮನೆಯಲ್ಲೇ ಬಿಟ್ಟಿರಬೇಕು.

ಇನ್ನೊಂದು ತುದಿಯಲ್ಲಿ ವರ್ಮಾಂಟ್ ಇದೆ. ಅಲ್ಲಿ ಇಂಥ ಪರವಾನಗಿಯ ಪದ್ಧತಿ ಹಿಂದೆಯೂ ಇರಲಿಲ್ಲ, ಈಗಲೂ ಇಲ್ಲ. 2024ರ ಹೊತ್ತಿಗೆ ಹೀಗೆ ಪರವಾನಗಿ ಇಲ್ಲದೆ ಒಯ್ಯಲು ಬಿಡುವ ರಾಜ್ಯಗಳು 29 ಆಗಿದ್ದವು. ಆದರೆ 'ಪರವಾನಗಿ ಬೇಡ' ಎಂದರೆ 'ಪರವಾನಗಿಯಿಂದ ಪ್ರಯೋಜನವಿಲ್ಲ' ಎಂದಲ್ಲ. ಅನೇಕರು ಎಡವುವುದು ಇಲ್ಲಿ, ಅದರಲ್ಲೂ ಶಾಲೆಯ ಮುಂದೆ.

ಶಾಲೆಯ ಆವರಣದಿಂದ 1,000 ಅಡಿಯೊಳಗೆ ಬಂದೂಕು ಇರಿಸಿಕೊಳ್ಳುವುದು ಒಕ್ಕೂಟ ಸರ್ಕಾರದ ಕಾನೂನಿನ ಪ್ರಕಾರ ಅಪರಾಧ. 1990ರ ಮೂಲ ಕಾಯ್ದೆಯನ್ನು ಸುಪ್ರೀಂ ಕೋರ್ಟ್ 1995ರಲ್ಲಿ 'ಲೋಪೆಜ್' ಪ್ರಕರಣದಲ್ಲಿ ರದ್ದುಪಡಿಸಿತ್ತು. ಅಮೆರಿಕದ ಸಂಸತ್ತು ಮರುವರ್ಷವೇ ಅದನ್ನು ತಿದ್ದಿ ಮತ್ತೆ ತಂದಿತು. ಶಿಕ್ಷೆ 5 ವರ್ಷದವರೆಗೆ. ಆ ಶಾಲೆ ಇರುವ ರಾಜ್ಯವೇ ಕೊಟ್ಟ ಲೈಸೆನ್ಸ್ ಇರುವವರಿಗೆ ಇದರಿಂದ ವಿನಾಯಿತಿ ಇದೆ. ಗುಂಡು ತೆಗೆದ ಬಂದೂಕನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿ ಒಯ್ಯುವವರಿಗೂ ಇದೆ. ರಾಜ್ಯ ಕೇಳುವುದಿಲ್ಲವೆಂದು ಲೈಸೆನ್ಸ್ ಮಾಡಿಸದವನು ಸೊಂಟದಲ್ಲಿ ಗುಂಡು ತುಂಬಿದ ಪಿಸ್ತೂಲಿನೊಂದಿಗೆ ಶಾಲೆಯ ಎದುರಿನ ಸೈಕಲ್ ಹಾದಿಯಲ್ಲಿ ಸಾಗಿದರೆ ರಾಜ್ಯದ ಪಾಲಿಗೆ ನಿರ್ದೋಷಿ, ಒಕ್ಕೂಟದ ಪಾಲಿಗೆ ಅಪರಾಧಿ. ಯಾವುದೇ ಊರಿನ ನಕಾಶೆಯಲ್ಲಿ ಶಾಲೆಗಳ ಸುತ್ತ 1,000 ಅಡಿಯ ವೃತ್ತ ಎಳೆದು ನೋಡಿ. ಅವನ್ನೆಲ್ಲ ತಪ್ಪಿಸಿ ಸೈಕಲ್ ಓಡಿಸುವುದು ಎಷ್ಟು ಕಷ್ಟವೆಂಬುದು ತಾನಾಗಿ ತಿಳಿಯುತ್ತದೆ.

ರಾಜ್ಯದ ಗಡಿ ಇನ್ನೂ ಕಠಿಣ. ಫಿಲಡೆಲ್ಫಿಯಾದಿಂದ ಬೆಂಜಮಿನ್ ಫ್ರಾಂಕ್ಲಿನ್ ಸೇತುವೆಯ ಮೇಲೆ ಸೈಕಲ್ಲಿನಲ್ಲಿ ಡೆಲವೇರ್ ನದಿ ದಾಟಿದರೆ ಕ್ಯಾಮ್ಡನ್ ಸಿಗುತ್ತದೆ. ಅದು ನ್ಯೂಜೆರ್ಸಿ, ಬೇರೆ ಯಾವ ರಾಜ್ಯದ ಬಂದೂಕು ಪರವಾನಗಿಗೂ ಅಲ್ಲಿ ಬೆಲೆಯಿಲ್ಲ. 2013ರಲ್ಲಿ ಫಿಲಡೆಲ್ಫಿಯಾದ ಒಬ್ಬ ತಾಯಿ ಕಾರಿನಲ್ಲಿ ನ್ಯೂಜೆರ್ಸಿಗೆ ಹೋದಾಗ ಸಂಚಾರ ನಿಯಮದ ಕಾರಣಕ್ಕೆ ಪೊಲೀಸರು ತಡೆದರು. ತನ್ನ ಬಳಿ ಪಿಸ್ತೂಲಿದೆ, ಪೆನ್ಸಿಲ್ವೇನಿಯಾದ ಪರವಾನಗಿಯೂ ಇದೆ ಎಂದು ಆಕೆಯೇ ಬಾಯಿಬಿಟ್ಟು ಹೇಳಿದಳು. ಬಂಧನವಾಯಿತು, ವರ್ಷಗಟ್ಟಲೆ ಜೈಲಿನ ಭೀತಿ ತಲೆಯ ಮೇಲೆ ತೂಗಿತು. ಕೊನೆಗೆ 2015ರಲ್ಲಿ ಗವರ್ನರ್ ಕ್ರಿಸ್ ಕ್ರಿಸ್ಟಿ ಕ್ಷಮಾದಾನ ಕೊಟ್ಟರು. ಎಲ್ಲರ ಪಾಲಿಗೂ ಗವರ್ನರ್ ಒದಗುವುದಿಲ್ಲ.

ಹಾಗಾದರೆ ದೂರದ ಸೈಕಲ್ ಯಾತ್ರೆಗೆ ಹೊರಟವನು ಏನು ಮಾಡಬೇಕು? 1986ರ ಒಕ್ಕೂಟ ಕಾನೂನೊಂದು ಒಂದು ದಾರಿ ಬಿಟ್ಟಿದೆ. ಹೊರಡುವ ಮತ್ತು ತಲುಪುವ ಎರಡೂ ಕಡೆ ಬಂದೂಕು ಕಾನೂನುಬದ್ಧವಾಗಿದ್ದರೆ ನಡುವಿನ ರಾಜ್ಯಗಳನ್ನು ದಾಟಬಹುದು. ಗುಂಡು ತೆಗೆದಿರಬೇಕು, ಬಂದೂಕೂ ಗುಂಡೂ ಕೈಗೆ ಸುಲಭವಾಗಿ ಸಿಗುವಂತಿರಬಾರದು. ವಾಹನಕ್ಕೆ ಬೇರೆ ಡಿಕ್ಕಿ ಇಲ್ಲದಿದ್ದರೆ ಬೀಗದ ಪೆಟ್ಟಿಗೆ ಕಡ್ಡಾಯ. ಒಕ್ಕೂಟ ಕಾನೂನಿನ ಸಾಮಾನ್ಯ ವ್ಯಾಖ್ಯೆಯಲ್ಲಿ ನೆಲದ ಮೇಲೆ ಸಾಗುವ ಯಾವ ಸಾಧನವೂ ವಾಹನವೇ, ಆದ್ದರಿಂದ ಸೈಕಲ್ಲಿಗೂ ಜಾಗವಿದೆ. ಆದರೆ ಕ್ಯಾರಿಯರಿನ ಚೀಲ ಕೈಗೆ ಎಷ್ಟು ದೂರ? ಇಲ್ಲಿ ನೆವಾರ್ಕ್ ವಿಮಾನ ನಿಲ್ದಾಣದ ಪ್ರಕರಣವೊಂದನ್ನು ನೆನೆಯಬೇಕು. ಯೂಟಾ ರಾಜ್ಯದ ಪ್ರಯಾಣಿಕನೊಬ್ಬನಿಗೆ 2005ರಲ್ಲಿ ಮುಂದಿನ ವಿಮಾನ ತಪ್ಪಿತು. ಬಂದೂಕಿದ್ದ ಸಾಮಾನನ್ನು ಪಡೆದು ಆತ ರಾತ್ರಿ ಹೋಟೆಲಿನಲ್ಲಿ ತಂಗಿದ. ಬೆಳಿಗ್ಗೆ ನಿಲ್ದಾಣದಲ್ಲಿ ಬಂದೂಕಿನ ವಿಷಯ ತಿಳಿಸಿದಾಗ ಬಂಧನ. ಮೊಕದ್ದಮೆ ಬಿದ್ದುಹೋದರೂ, ಹೋಟೆಲಿನ ಕೋಣೆಯಲ್ಲಿ ಬಂದೂಕು ಕೈಗೆಟುಕುವಂತಿತ್ತು, ಆದ್ದರಿಂದ ಆ ಕಾನೂನಿನ ರಕ್ಷಣೆ ಸಿಗದು ಎಂದು ಮೇಲ್ಮನವಿ ನ್ಯಾಯಾಲಯ 2010ರಲ್ಲಿ ಹೇಳಿತು. ದಿನಾ ಸಂಜೆ ಎಲ್ಲೋ ಡೇರೆ ಹಾಕುವ ಸೈಕಲ್ ಯಾತ್ರಿಕನಿಗೆ ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇಡ.

ಡಿಕ್ಕಿ ಇಲ್ಲದಿರುವುದು ಊರೊಳಗೂ ತೊಡಕೇ. ಕಾರಿನವನು ನಿಷೇಧಿತ ಕಟ್ಟಡಕ್ಕೆ ಹೋಗುವ ಮುನ್ನ ಪಿಸ್ತೂಲನ್ನು ಡಿಕ್ಕಿಯಲ್ಲಿಟ್ಟು ಬೀಗ ಹಾಕುತ್ತಾನೆ. ಸೈಕಲ್ಲಿನವನು ಕಂಬಕ್ಕೆ ಕಟ್ಟಿದ ಸೈಕಲ್ಲಿನಲ್ಲಿ ಬಿಡಲಾರ, ಒಳಗೆ ಒಯ್ಯಲಾರ. 2010ರ ಫೆಬ್ರುವರಿಯಿಂದ ರಾಷ್ಟ್ರೀಯ ಉದ್ಯಾನಗಳಲ್ಲಿ ಆಯಾ ರಾಜ್ಯದ ಕಾನೂನಿನಂತೆ ಬಂದೂಕು ಇಟ್ಟುಕೊಳ್ಳಬಹುದು. ಆದರೆ ಯೆಲ್ಲೋಸ್ಟೋನಿನಲ್ಲಿ ಮಳೆ ಬಂತೆಂದು ಸಂದರ್ಶಕರ ಕೇಂದ್ರದೊಳಗೆ ಹೊಕ್ಕರೆ ಅದು ಒಕ್ಕೂಟದ ಕಟ್ಟಡ, ಅಲ್ಲಿ ನಿಷೇಧ.

ಪೊಲೀಸರು ಸೈಕಲ್ಲನ್ನು ತಡೆಯುವುದು ಸಾಮಾನ್ಯವಾಗಿ ಸಣ್ಣ ಕಾರಣಕ್ಕೆ: ರಾತ್ರಿ ದೀಪವಿಲ್ಲ, ಎದುರು ದಿಕ್ಕಿನ ಸವಾರಿ. ಯಾರನ್ನು ತಡೆಯುತ್ತಾರೆ ಎಂಬುದೂ ಮುಖ್ಯ. ಫ್ಲಾರಿಡಾದ ಟ್ಯಾಂಪಾ ನಗರದಲ್ಲಿ ಮೂರು ವರ್ಷಗಳಲ್ಲಿ ದಂಡದ ಚೀಟಿ ಪಡೆದ ಸೈಕಲ್ ಸವಾರರಲ್ಲಿ ಹತ್ತಕ್ಕೆ ಎಂಟು ಮಂದಿ ಕರಿಯರು ಎಂದು 'ಟ್ಯಾಂಪಾ ಬೇ ಟೈಮ್ಸ್' ಪತ್ರಿಕೆ 2015ರಲ್ಲಿ ಬಯಲು ಮಾಡಿತು. 2020ರ ಆಗಸ್ಟ್ 31ರಂದು ದಕ್ಷಿಣ ಲಾಸ್ ಏಂಜಲೀಸ್‌ನಲ್ಲಿ ಸೈಕಲ್ ನಿಯಮದ ಉಲ್ಲಂಘನೆಯೆಂದು ಷೆರಿಫ್ ಸಿಬ್ಬಂದಿ ಒಬ್ಬ ಕರಿಯ ಯುವಕನನ್ನು ತಡೆಯಹೋದರು. ಅದು ಅವನು ಗುಂಡಿಗೆ ಬಲಿಯಾಗುವುದರಲ್ಲಿ ಮುಗಿಯಿತು. ಅವನ ಬಳಿ ಪಿಸ್ತೂಲಿತ್ತು ಎಂದು ಇಲಾಖೆ ಹೇಳಿತು.

ಹೀಗಾಗಿ ತಡೆದಾಗಿನ ನಡವಳಿಕೆಯನ್ನು ಮೊದಲೇ ತಿಳಿದಿರಬೇಕು. ಎರಡೂ ಕೈ ಹ್ಯಾಂಡಲ್ ಮೇಲೆಯೇ ಇರಲಿ. ಪರ್ಸು ತೆಗೆಯಲೆಂದು ಕೂಡ ಹೇಳದೆ ಸೊಂಟದತ್ತ ಕೈ ಹೋಗಬಾರದು. ಮಿಷಿಗನ್ನಿನಂಥ ರಾಜ್ಯಗಳಲ್ಲಿ ಪಿಸ್ತೂಲಿರುವುದನ್ನು ಕೂಡಲೇ ತಾನಾಗಿ ತಿಳಿಸಬೇಕು, ಬೇರೆ ಕೆಲವೆಡೆ ಕೇಳಿದರೆ ಸಾಕು. ಚೀಲ ಹುಡುಕಲು ಒಪ್ಪಿಗೆ ಕೇಳಿದರೆ ನಿರಾಕರಿಸುವ ಹಕ್ಕಿದೆ. ಆದರೆ ಆಯುಧಧಾರಿ, ಅಪಾಯಕಾರಿ ಎಂಬ ಸಕಾರಣ ಶಂಕೆಯಿದ್ದರೆ ಮೈ ತಡವಿ ನೋಡಲು 1968ರ 'ಟೆರ್ರಿ' ತೀರ್ಪು ಪೊಲೀಸರಿಗೆ ಅವಕಾಶ ಕೊಟ್ಟಿದೆ. ಇನ್ನೊಂದು ಸಣ್ಣ ಮಾತು: ಹ್ಯಾಂಡಲಿಗೆ ಬಾಗಿದಾಗ ಅಂಗಿ ಮೇಲೇರಿ ಮುಚ್ಚಿಟ್ಟದ್ದು ಕಾಣುತ್ತದೆ. ಬಹಿರಂಗವಾಗಿ ಒಯ್ಯುವುದನ್ನು ನಿಷೇಧಿಸಿದ ರಾಜ್ಯದಲ್ಲಿ ಗಿಡ್ಡ ಅಂಗಿಯೂ ಮೊಕದ್ದಮೆ ತರಬಹುದು.

ನಮ್ಮಲ್ಲಿ ಲೆಕ್ಕ ತಿರುಗುಮುರುಗು. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಲೈಸೆನ್ಸ್ ಸಿಗುವುದೇ ಕಷ್ಟ. ಸಿಕ್ಕವನು ಮಾತ್ರ ಸಾರ್ವಜನಿಕ ಸ್ಥಳದಲ್ಲಿ ಬಂದೂಕನ್ನು ಪೂರ್ತಿ ಮುಚ್ಚಿಕೊಂಡೇ ಒಯ್ಯಬೇಕೆಂದು 2016ರ ನಿಯಮಗಳು ಹೇಳುತ್ತವೆ. ಕೊಡವರಿಗೂ ಕೊಡಗಿನ 'ಜಮ್ಮಾ' ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿ 2029ರವರೆಗೆ ಮುಂದುವರಿದಿದ್ದು, ಅದನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ. ಆದರೆ ಕೊಡಗಿನ ಆ ವಿನಾಯಿತಿ ಕ್ಯಾಲಿಫೋರ್ನಿಯಾಕ್ಕೆ ಜೊತೆಯಲ್ಲಿ ಬರುವುದಿಲ್ಲ.

ಅಮೆರಿಕದಲ್ಲಿರುವ ಕನ್ನಡಿಗರು ಮುಖ್ಯವಾಗಿ ತಿಳಿಯಬೇಕಾದದ್ದು ಇದು. ಎಚ್-1ಬಿ, ಎಫ್-1ನಂಥ ವಲಸೆಯೇತರ ವೀಸಾದ ಮೇಲಿರುವವರು ಬಂದೂಕು ಇಟ್ಟುಕೊಳ್ಳುವುದೇ ಒಕ್ಕೂಟದ ಅಪರಾಧ. ಅಲ್ಲಿನ ಬೇಟೆ ಲೈಸೆನ್ಸ್ ಪಡೆದಿರುವಂಥ ಕೆಲವು ವಿನಾಯಿತಿಗಳಿವೆ, ಅಷ್ಟೇ. 2022ರಿಂದ ಶಿಕ್ಷೆ 15 ವರ್ಷದವರೆಗೆ ಏರಿದೆ. ಗೆಳೆಯರ ಜೊತೆ ಶೂಟಿಂಗ್ ರೇಂಜಿಗೆ ಹೋಗಿ ಬಾಡಿಗೆ ಪಿಸ್ತೂಲು ಹಿಡಿದರೂ ಅದು ಇಟ್ಟುಕೊಂಡಂತೆಯೇ. ಫ್ಲಾರಿಡಾದಲ್ಲಿ ವಿದ್ಯಾರ್ಥಿ ವೀಸಾದಲ್ಲಿ ಬಂದಿದ್ದವನೊಬ್ಬನನ್ನು ಅಂಕಗಳು ಕುಸಿದವೆಂದು ವಿಶ್ವವಿದ್ಯಾಲಯ ಹೊರಹಾಕಿತ್ತು. ಆಮೇಲೆ ರೇಂಜಿನಲ್ಲಿ ಗುಂಡು ಹಾರಿಸಿದ್ದೇ ಅವನ ಮೇಲಿನ ಮೊಕದ್ದಮೆಗೆ ಕಾರಣವಾಯಿತು. ತನ್ನ ವಾಸ್ತವ್ಯ ಅಕ್ರಮವೆಂಬುದು ಅವನಿಗೆ ಗೊತ್ತಿತ್ತು ಎಂದು ಸರ್ಕಾರ ಸಾಬೀತುಪಡಿಸಬೇಕೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿತಾದರೂ, ಪ್ರಕರಣ ಅಲ್ಲಿಯತನಕ ಎಳೆದಾಡಿತ್ತು. ಗ್ರೀನ್ ಕಾರ್ಡ್ ಇರುವವರಿಗೆ ಈ ವೀಸಾ ನಿಷೇಧವಿಲ್ಲ. ಆದರೆ ಬಂದೂಕಿನ ಅಪರಾಧದಲ್ಲಿ ಶಿಕ್ಷೆಯಾದರೆ ಗಡೀಪಾರಿಗೆ ಅದೇ ಸಾಕು. ರೇಂಜಿಗೆ ಹೊರಡುವ ಮುನ್ನ ಪಾಸ್‌ಪೋರ್ಟಿನಲ್ಲಿರುವ ವೀಸಾ ಯಾವುದೆಂದು ನೋಡಿಕೊಳ್ಳಿ, ಅನುಮಾನವಿದ್ದರೆ ವಲಸೆ ವಕೀಲರನ್ನು ಕೇಳಿ.