ಕನ್ನಡ ಬೋಧನೆ ಮತ್ತು ಡಿಜಿಟಲ್ ಸಾಧನಗಳ ಆಯ್ಕೆ: ಬೆಂಗಳೂರು ದಂಡು ಪ್ರದೇಶವನ್ನು ಅನುಲಕ್ಷಿಸಿ

ಬೋಧನೆಗೆ ಬೇಕಾದ ಡಿಜಿಟಲ್ ಸಾಧನಗಳ ಆಯ್ಕೆಯನ್ನು ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ತಾಂತ್ರಿಕ ವಿಷಯವೆಂದು ಭಾವಿಸಿ ಗಣಕ ವಿಭಾಗಕ್ಕೋ ಆಡಳಿತ ವಿಭಾಗಕ್ಕೋ ಬಿಟ್ಟುಕೊಡಲಾಗುತ್ತದೆ. ಕನ್ನಡದ ಮಟ್ಟಿಗೆ ಇದು ಮೂಲತಃ ಪಠ್ಯದ ಪ್ರಶ್ನೆ. ಆಯ್ದುಕೊಂಡ ಸಾಧನದಲ್ಲಿ ಕನ್ನಡ ಪಠ್ಯವು ಓದಲು, ಹುಡುಕಲು, ತಿದ್ದಲು ಮತ್ತು ಬೇರೆಡೆಗೆ ಒಯ್ಯಲು ಬರುವಂತೆ ಉಳಿಯುತ್ತದೆಯೇ ಎಂಬುದೇ ಮೊದಲ ಮಾನದಂಡವಾಗಬೇಕೆಂಬ ನಿಲುವನ್ನು ಪ್ರಸ್ತುತ ಲೇಖನ ಮಂಡಿಸುತ್ತದೆ. ಬೆಂಗಳೂರಿನ ದಂಡು ಪ್ರದೇಶ ಹಾಗೂ ಅದರ ಪೂರ್ವ ಭಾಗದ ಕನ್ನಡ ತರಗತಿಯನ್ನು ಇದಕ್ಕೆ ನೆಲೆಯಾಗಿ ಇರಿಸಿಕೊಳ್ಳಲಾಗಿದೆ.

1. ತರಗತಿಯ ಸ್ವರೂಪ

1809ರಲ್ಲಿ ಹಲಸೂರಿನ ಬಳಿ ನೆಲೆಗೊಂಡ ದಂಡು, 1881ರ ನಂತರವೂ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಬ್ರಿಟಿಷರ ಆಡಳಿತದಲ್ಲೇ ಉಳಿದು, 1947ರಲ್ಲಿ ಮೈಸೂರು ಸಂಸ್ಥಾನಕ್ಕೆ ಮರಳಿತು. ಈ ಚರಿತ್ರೆಯ ಗುರುತು ಇಂದಿನ ತರಗತಿಯಲ್ಲಿಯೂ ಇದೆ. ಶಿವಾಜಿನಗರದ ಉರ್ದು, ಹಲಸೂರಿನ ತಮಿಳು, ಕೆ.ಆರ್. ಪುರದತ್ತ ಕನ್ನಡದೊಡನೆ ಕೇಳಿಬರುವ ತೆಲುಗು ಮನೆಮಾತಾಗಿರುವ ವಿದ್ಯಾರ್ಥಿಗಳು ಒಂದೇ ಕನ್ನಡ ಪಠ್ಯವನ್ನು ಓದಬೇಕಾಗುತ್ತದೆ. ಇವರಲ್ಲಿ ಹಲವರು ಕನ್ನಡವನ್ನು ಸರಾಗವಾಗಿ ಆಡಬಲ್ಲರು. ಬರಹದ ಕನ್ನಡ, ಅದರಲ್ಲೂ ಹಳಗನ್ನಡ, ಅವರಿಗೆ ದೂರದ್ದು. ಒಮ್ಮೆ ಕೇಳಿದ ಉಪನ್ಯಾಸಕ್ಕಿಂತ ಮತ್ತೆ ಮತ್ತೆ ಮರಳಿ ನೋಡಬಹುದಾದ ಪಠ್ಯ, ಪದಾರ್ಥ ಮತ್ತು ವಾಚನದ ಧ್ವನಿ ಇಂಥವರಿಗೆ ಹೆಚ್ಚು ಅಗತ್ಯ.

2. ನೇರ ತರಗತಿಯ ಮಿತಿ

2020ರ ಮಾರ್ಚ್‌ನಲ್ಲಿ ಕಾಲೇಜುಗಳು ಮುಚ್ಚಿದಾಗ ಬೋಧನೆ ಝೂಮ್, ಗೂಗಲ್ ಮೀಟ್‌ಗಳತ್ತ ಸಾಗಿತು. ತರಗತಿಗೆ ಅತ್ಯಂತ ಹತ್ತಿರದ ಸಾಧನವೆಂಬ ಕಾರಣದಿಂದ ಈ ಆಯ್ಕೆ ಸಹಜವಾಗಿತ್ತು. ಆದರೆ ನೇರ ತರಗತಿಗೆ ಗೊತ್ತಾದ ವೇಳೆ, ಬಿಡುವಿರುವ ಮೊಬೈಲ್, ಸದ್ದಿಲ್ಲದ ಮೂಲೆ ಮೂರೂ ಬೇಕು. ಮನೆಮಂದಿಗೆಲ್ಲ ಒಂದೇ ಮೊಬೈಲ್ ಇರುವಲ್ಲಿ ಈ ಮೂರೂ ಒಟ್ಟಿಗೆ ಒದಗುವುದು ಕಷ್ಟ. 2021ರ ಜೂನ್‌ನಲ್ಲಿ ರಾಜ್ಯ ಸರ್ಕಾರವು ಸರ್ಕಾರಿ ಪದವಿ, ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ನೀಡುವ ಕಾರ್ಯಕ್ರಮಕ್ಕೆ ಚಾಲನೆ ಕೊಟ್ಟಿತು. ಉಪಕರಣದ ಕೊರತೆಗೆ ಇದು ಉತ್ತರವಾಗಿತ್ತು. ಉಪಕರಣದೊಳಗೆ ಯಾವ ಕನ್ನಡ ಪಠ್ಯ, ಯಾವ ರೂಪದಲ್ಲಿ ಇರಬೇಕೆಂಬುದನ್ನು ಮಾತ್ರ ಕನ್ನಡ ವಿಭಾಗಗಳೇ ನಿರ್ಧರಿಸಬೇಕು. ಛಂದಸ್ಸಿನ ಬೋಧನೆ, ಕಾವ್ಯವಾಚನ, ಚರ್ಚೆಗಳಿಗೆ ನೇರ ತರಗತಿ ಅನಿವಾರ್ಯವೇ ಹೌದು. ಅದು ಪಠ್ಯಕ್ಕೆ ಪೂರಕವಾಗಬಲ್ಲದಲ್ಲದೆ ಪರ್ಯಾಯವಾಗಲಾರದು.

3. ಅಕ್ಷರದ ಪರೀಕ್ಷೆ

ಕನ್ನಡ ಅಧ್ಯಾಪಕರ ಟಿಪ್ಪಣಿಗಳ ಬಹುಭಾಗ ನುಡಿ ಮತ್ತು ಬರಹ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸದಲ್ಲಿದೆ. ಈ ತಂತ್ರಾಂಶಗಳು ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು. ಮುಂದೆ ಇವು ಯೂನಿಕೋಡನ್ನೂ ಅಳವಡಿಸಿಕೊಂಡವು. ಆದರೆ ಹಳೆಯ ಕಡತಗಳಲ್ಲಿ ಕನ್ನಡವು ಕಣ್ಣಿಗೆ ಮಾತ್ರ ಕನ್ನಡ. ಗಣಕದ ಲೆಕ್ಕದಲ್ಲಿ ಅದು ರೋಮನ್ ಮತ್ತಿತರ ಚಿಹ್ನೆಗಳ ಸಾಲು. ಅದನ್ನು ಹಾಗೆಯೇ ಜಾಲತಾಣಕ್ಕೆ ಏರಿಸಿದರೆ ವಿದ್ಯಾರ್ಥಿಯ ಮೊಬೈಲಿನಲ್ಲಿ ಅರ್ಥವಿಲ್ಲದ ಗೀಚಾಗಿ ಕಾಣುತ್ತದೆ. ಅರೆಬರೆ ಪರಿವರ್ತನೆಯಾದಾಗ ಅರ್ಕಾವತ್ತು ಇದ್ದಲ್ಲಿ ಪರಲಿಪಿಯ ಅಕ್ಷರವೊಂದು ಉಳಿದುಬಿಡುವುದು ಎಲ್ಲರಿಗೂ ಪರಿಚಿತ.

ಹಳಗನ್ನಡದಲ್ಲಿ ತೊಡಕು ಇನ್ನೂ ಸೂಕ್ಷ್ಮವಾದದ್ದು. ‘ಅಳಿ’ ಎಂದರೆ ದುಂಬಿ, ‘ಅೞಿ’ ಎಂದರೆ ನಾಶವಾಗು. ರಳವನ್ನು ತೋರಿಸಲಾರದ ಸಾಧನ ಈ ಅರ್ಥಭೇದವನ್ನೇ ಅಳಿಸಿಹಾಕುತ್ತದೆ. ರಳ ಮತ್ತು ಶಕಟರೇಫ ಎರಡಕ್ಕೂ ಯೂನಿಕೋಡ್‌ನಲ್ಲಿ ಸ್ಥಾನವಿದೆ. ರಳಕ್ಕೆ ಅಲ್ಲಿ ‘ಫ’ ಎಂಬ ತಪ್ಪು ಹೆಸರು ದಾಖಲಾಗಿದ್ದು, ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದಾಗಿ ಹಾಗೆಯೇ ಉಳಿದಿರುವುದು ಗಮನಾರ್ಹ. ಅಕ್ಷರದ ಬಳಕೆಗೆ ಇದರಿಂದ ಬಾಧಕವಿಲ್ಲ; ಕನ್ನಡ ವಿದ್ವಾಂಸರು ಇಂಥ ನಿರ್ಧಾರಗಳಿಂದ ದೂರ ಉಳಿಯಬಾರದೆಂಬುದಕ್ಕೆ ಇದು ಸಾಕ್ಷಿ. ಆದುದರಿಂದ ಯಾವುದೇ ಸಾಧನವನ್ನು ಒಪ್ಪುವ ಮೊದಲು ಹಳಗನ್ನಡದ ಒಂದು ಪದ್ಯವನ್ನು ಅದರಲ್ಲಿ ಬರೆದು, ಅಗ್ಗದ ಮೊಬೈಲಿನಲ್ಲಿ ತೆರೆದು, ರಳವುಳ್ಳ ಪದವೊಂದನ್ನು ಹುಡುಕಿ ನೋಡಬೇಕು.

4. ದೊಮ್ಮಲೂರಿನ ನಿದರ್ಶನ

ಇಂದಿರಾನಗರಕ್ಕೆ ಹೊಂದಿಕೊಂಡ ದೊಮ್ಮಲೂರಿನಲ್ಲಿ ಕಚೇರಿ ಹೊಂದಿದ್ದ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ ಸಂಸ್ಥೆಯು 2013ರಿಂದ ಕ್ರೈಸ್ಟ್ ವಿಶ್ವವಿದ್ಯಾಲಯದೊಡನೆ ನಡೆಸಿದ ಪ್ರಯೋಗ ಇಲ್ಲಿ ಪ್ರಸ್ತುತವೆನಿಸುತ್ತದೆ. ಭಾಷಾ ತರಗತಿಯ ವಿದ್ಯಾರ್ಥಿಗಳು ಕನ್ನಡ ಮೊದಲಾದ ಭಾಷೆಗಳ ವಿಕಿಪೀಡಿಯಕ್ಕೆ ಲೇಖನ ಬರೆಯುವುದನ್ನು ಅಭ್ಯಾಸದ ಭಾಗವಾಗಿ ಮಾಡಲಾಯಿತು. 2014ರಲ್ಲಿ ಮೈಸೂರು ವಿಶ್ವವಿದ್ಯಾಲಯವು ತನ್ನ ಕನ್ನಡ ವಿಶ್ವಕೋಶವನ್ನು ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟಾಗ, ವಿಕಿಸೋರ್ಸ್‌ಗಾಗಿ ಅದನ್ನು ಯೂನಿಕೋಡ್ ಪಠ್ಯವಾಗಿಸುವ ಕೆಲಸದಲ್ಲಿಯೂ ವಿದ್ಯಾರ್ಥಿಗಳು ಪಾಲ್ಗೊಂಡರು. ಇಲ್ಲಿ ವಿದ್ಯಾರ್ಥಿ ಕೇಳುಗನಷ್ಟೇ ಅಲ್ಲ, ಪಠ್ಯವನ್ನು ಸಿದ್ಧಪಡಿಸುವವನೂ ಹೌದು. ಬರೆದದ್ದು ಪರೀಕ್ಷೆಯ ಬಳಿಕವೂ ಉಳಿಯುತ್ತದೆ. ಆದರೆ ಬರೆಸುವುದೇ ಗುರಿಯಾದರೆ ಗುಣಮಟ್ಟ ಕುಸಿಯುವ ಅಪಾಯವಿದೆ. ಅಧ್ಯಾಪಕರ ತಿದ್ದುವಿಕೆಯಿಲ್ಲದೆ ಈ ಮಾರ್ಗ ಫಲಿಸದು.

ಹಕ್ಕುಸ್ವಾಮ್ಯದ ಮಿತಿಯೂ ಇದೆ. ಭಾರತದಲ್ಲಿ ಲೇಖಕರ ಮರಣಾನಂತರ 60 ವರ್ಷ ಕೃತಿಯ ಹಕ್ಕು ಉಳಿಯುತ್ತದೆ. 1946ರಲ್ಲಿ ತೀರಿಕೊಂಡ ಬಿ.ಎಂ. ಶ್ರೀಕಂಠಯ್ಯನವರ ಅವರ ಜೀವಿತಾವಧಿಯಲ್ಲಿ ಪ್ರಕಟವಾದ ಕೃತಿಗಳು ಈಗ ಮುಕ್ತ. 1994ರಲ್ಲಿ ತೀರಿಕೊಂಡ ಕುವೆಂಪು ಅವರವು 2054ರ ಕೊನೆಯವರೆಗೆ ಮುಕ್ತವಲ್ಲ.

5. ಉಪಸಂಹಾರ

ಮೇಲಿನ ಪರಿಶೀಲನೆಯಿಂದ ನಾಲ್ಕು ಮಾನದಂಡಗಳು ಹೊರಡುತ್ತವೆ: ಯೂನಿಕೋಡ್ ಪಠ್ಯವನ್ನು ಹಳಗನ್ನಡದ ಅಕ್ಷರಗಳ ಸಹಿತ ಸರಿಯಾಗಿ ತೋರಿಸುವುದು, ಸಾಧಾರಣ ಮೊಬೈಲಿನಲ್ಲಿ, ಸಂಪರ್ಕವಿಲ್ಲದಾಗಲೂ ಓದಲು ಬರುವುದು, ಪಾಠಗಳನ್ನು ಬೇರೊಂದು ವ್ಯವಸ್ಥೆಗೆ ಒಯ್ಯಲು ಸಾಧ್ಯವಾಗುವುದು, ಪಠ್ಯದ ಒಡೆತನ ವಿಭಾಗದಲ್ಲೇ ಉಳಿಯುವುದು. 2002ರಲ್ಲಿ ಮೊದಲು ಬಿಡುಗಡೆಯಾದ ಮೂಡಲ್‌ನಂತಹ ಮುಕ್ತ ತಂತ್ರಾಂಶ ಕೊನೆಯ ಎರಡಕ್ಕೆ ಒದಗುತ್ತದೆ. ಆದರೆ ಅದನ್ನು ನಿರ್ವಹಿಸಲು ತಿಳಿದವರು ಬೇಕು. ಅಂಥವರಿಲ್ಲದ ವಿಭಾಗಕ್ಕೆ ಸರಿಯಾಗಿ ತಿದ್ದಿದ ಯೂನಿಕೋಡ್ ಕಡತ ಮತ್ತು ಅದರೊಡನೆ ಅಧ್ಯಾಪಕರ ವಾಚನದ ಧ್ವನಿಮುದ್ರಿಕೆ, ಇವೆರಡೇ ಉತ್ತಮ ಆರಂಭ. ಸಾಧನಗಳು ಬದಲಾಗುತ್ತಲೇ ಇರುತ್ತವೆ. ಪಠ್ಯ ಉಳಿದರೆ ಶಿವಾಜಿನಗರದ ವಿದ್ಯಾರ್ಥಿ ತನ್ನ ಬಿಡುವಿನ ವೇಳೆಯಲ್ಲಿ ಅದರ ಬಳಿಗೆ ಮರಳಬಲ್ಲ.