ಸ್ವಂತ ಪ್ರಕಾಶನದ ಪ್ರವಾಸ ಕೈಪಿಡಿ: ಊರಿನಲ್ಲೂ ಹೊರದೇಶದಲ್ಲೂ ಮಾರಾಟದ ಲೆಕ್ಕಾಚಾರ

ಮಾಣಿ–ಮೈಸೂರು ಹೆದ್ದಾರಿಯಲ್ಲಿ ಸುಳ್ಯವನ್ನು ದಾಟಿ ಘಟ್ಟ ಏರುವ ಮೊದಲು ಸಂಪಾಜೆ ಸಿಗುತ್ತದೆ. ಹೆಚ್ಚಿನ ಪ್ರವಾಸಿಗರ ಪಾಲಿಗೆ ಇದು ಚಹಾ ಕುಡಿಯಲು ವಾಹನ ನಿಲ್ಲಿಸುವ ಸ್ಥಳ ಮಾತ್ರ. ಒಂದೇ ಹೆಸರಿನ ಗ್ರಾಮ ದಕ್ಷಿಣ ಕನ್ನಡದಲ್ಲೊಂದು, ಕೊಡಗಿನಲ್ಲೊಂದು ಇರುವುದಾಗಲಿ, ಪಯಸ್ವಿನಿ ನದಿ ಇಲ್ಲಿಂದ ಸುಳ್ಯದ ಮೂಲಕ ಕಾಸರಗೋಡಿನತ್ತ ಹರಿಯುವುದಾಗಲಿ, ತೊಡಿಕಾನದ ದೇವಸ್ಥಾನ ಮತ್ತು ಮತ್ಸ್ಯತೀರ್ಥ ಹತ್ತಿರದಲ್ಲೇ ಇರುವುದಾಗಲಿ ಸಾಮಾನ್ಯ ಪ್ರವಾಸ ಪುಸ್ತಕಗಳಲ್ಲಿ ಒಂದು ಸಾಲಿಗೆ ಮೀರುವುದಿಲ್ಲ. ಈ ಕೊರತೆಯೇ ಸಣ್ಣ ಪ್ರಕಾಶಕನಿಗೆ ಅವಕಾಶ. ಹೋಟೆಲು, ಹೋಂಸ್ಟೇ, ಮಸಾಲೆ ಪದಾರ್ಥಗಳ ಮಳಿಗೆ, ಮುದ್ರಣಾಲಯ ನಡೆಸುವವರು ಇಂಥ ಕೈಪಿಡಿಯನ್ನು ತಾವೇ ಹೊರತರುವ ಯೋಚನೆ ಮಾಡುವುದುಂಟು. ಆದರೆ ಬರೆಯುವ ಉತ್ಸಾಹದಷ್ಟು ಮಾರುವ ಲೆಕ್ಕಾಚಾರ ಇರುವುದು ಅಪರೂಪ.

ಲೇಖಕನೇ ಪ್ರಕಾಶಕನೂ ಮಾರಾಟಗಾರನೂ ಆಗುವುದು ಕನ್ನಡಕ್ಕೆ ಹೊಸದಲ್ಲ. ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಪುತ್ತೂರಿನಲ್ಲಿ ನೆಲೆಸಿದ್ದ ಶಿವರಾಮ ಕಾರಂತರು ಸ್ವಂತ ಕೃತಿಗಳ ಪ್ರಕಾಶನಕ್ಕೂ ಕೈಹಾಕಿದವರು.

ವಾಣಿಜ್ಯ ದೃಷ್ಟಿಯಿಂದ ಅಭ್ಯಾಸಯೋಗ್ಯವಾದ ಉದಾಹರಣೆ ಇಂಗ್ಲೆಂಡಿನ ಕೆಂಡಲ್ ಪಟ್ಟಣದ್ದು. ಅಲ್ಲಿನ ಪುರಸಭೆಯ ಖಜಾಂಚಿಯಾಗಿದ್ದ ಆಲ್ಫ್ರೆಡ್ ವೇನ್‌ರೈಟ್ ತಮ್ಮ ಸುತ್ತಲಿನ ಬೆಟ್ಟಗಳಿಗೆ ಮಾತ್ರ ಸೀಮಿತವಾದ ಚಾರಣ ಕೈಪಿಡಿಯನ್ನು ಕೈಬರಹದಲ್ಲೇ ಸಿದ್ಧಪಡಿಸಿ 1955ರಲ್ಲಿ ಹೊರತಂದರು. 2,000 ಪ್ರತಿಗಳ ಮುದ್ರಣ ವೆಚ್ಚ 950 ಪೌಂಡ್. ಅವರ ಕೈಯಲ್ಲಿದ್ದುದು 35 ಪೌಂಡ್. ಪುಸ್ತಕ ಮಾರಾಟವಾದಂತೆ ಹಣ ಕೊಡಲು ಮುದ್ರಕರು ಒಪ್ಪಿದರು. ಸಾಲ ಮಾರಾಟದ ಹಣದಿಂದಲೇ ತೀರಿತು, 1966ರ ವೇಳೆಗೆ 7 ಸಂಪುಟಗಳು ಪೂರ್ಣಗೊಂಡವು. ಲೆಕ್ಕಪತ್ರ ಬಲ್ಲವರೊಬ್ಬರು ವಿಷಯವನ್ನು ಹಿಗ್ಗಿಸದೆ ಕುಗ್ಗಿಸಿ ಗೆದ್ದುದು ಇಲ್ಲಿ ಗಮನಾರ್ಹ. ಬೆಟ್ಟ ಹತ್ತುವವನಿಗೆ ಆ ಬೆಟ್ಟದ ಪುಸ್ತಕವೇ ಬೇಕು. ಇಡೀ ದೇಶದ ಪುಸ್ತಕ ಅವನಿಗೆ ಭಾರ.

ಸಂಪಾಜೆಯ ಮಟ್ಟಿಗೆ ಇದನ್ನು ಅನ್ವಯಿಸುವುದಾದರೆ, ‘ಕರಾವಳಿ ಮತ್ತು ಕೊಡಗಿನ ಪ್ರೇಕ್ಷಣೀಯ ಸ್ಥಳಗಳು’ ಎಂಬ ಪುಸ್ತಕಕ್ಕಿಂತ 1837ರ ಅಮರ ಸುಳ್ಯ ದಂಗೆಯ ಹಾದಿಯನ್ನು ಸುಳ್ಯ, ಬೆಳ್ಳಾರೆ, ಪುತ್ತೂರು, ಮಂಗಳೂರಿನ ಬಾವುಟಗುಡ್ಡೆಯವರೆಗೆ ಹಿಡಿದು ಹೋಗುವ ಕೈಪಿಡಿ ಹೆಚ್ಚು ಮಾರಾಟಯೋಗ್ಯ. 2037ಕ್ಕೆ ಆ ಘಟನೆಗೆ 200 ವರ್ಷ ತುಂಬುವುದರಿಂದ ಬೇಡಿಕೆಯನ್ನೂ ನಿರೀಕ್ಷಿಸಬಹುದು.

ಈಗ ಲೆಕ್ಕ. ಉದಾಹರಣೆಗೆ 1,000 ಪ್ರತಿಗಳಿಗೆ ಮುದ್ರಣ, ವಿನ್ಯಾಸ, ಛಾಯಾಚಿತ್ರ, ಓಡಾಟ ಎಲ್ಲ ಸೇರಿ ರೂ. 1,50,000 ವೆಚ್ಚವಾಯಿತೆಂದೂ ಬೆಲೆ ರೂ. 250 ಎಂದೂ ಇಟ್ಟುಕೊಳ್ಳೋಣ. ನಗರದ ವಿತರಕರಿಗೆ ಶೇ. 40 ರಿಯಾಯಿತಿ ಕೊಟ್ಟರೆ ಪ್ರತಿಯೊಂದಕ್ಕೆ ಕೈಸೇರುವುದು ರೂ. 150, ಕೊನೆಯ ಪ್ರತಿ ಮಾರಾಟವಾದಾಗ ಮಾತ್ರ ಹಾಕಿದ ಹಣ ಹಿಂದಿರುಗುತ್ತದೆ, ಪ್ರಚಾರಕ್ಕೆ ಬಿಡಿಗಾಸೂ ಉಳಿಯುವುದಿಲ್ಲ. ಹೋಟೆಲಿನ ಗಲ್ಲಾಪೆಟ್ಟಿಗೆಯ ಬಳಿ, ಹೋಂಸ್ಟೇಯ ಮೇಜಿನ ಮೇಲೆ ಶೇ. 20 ಕಮಿಷನ್ನಿಗೆ ಇರಿಸಿದರೆ 750 ಪ್ರತಿಗಳಲ್ಲಿ ವೆಚ್ಚ ಹೊರಬೀಳುತ್ತದೆ. ಕಲ್ಲುಗುಂಡಿಯ ಯಕ್ಷೋತ್ಸವದಂಥ ಕಡೆ ನೇರವಾಗಿ ಮಾರಿದರೆ 600 ಸಾಕು. ಪ್ರಚಾರಕ್ಕೆ ಎಷ್ಟು ಖರ್ಚು ಮಾಡಬಹುದೆಂಬುದು ಪುಸ್ತಕ ಎಲ್ಲಿ ಮಾರಾಟವಾಗುತ್ತದೆ ಎಂಬುದರಿಂದ ನಿರ್ಧಾರವಾಗುತ್ತದೆಯೇ ಹೊರತು ಬಿಡುಗಡೆ ಸಮಾರಂಭದ ಅದ್ದೂರಿಯಿಂದಲ್ಲ. ಶಾಲು, ಹಾರ, ಊಟದ ಖರ್ಚಿನಲ್ಲಿ ಹತ್ತಿಪ್ಪತ್ತು ಪತ್ರಕರ್ತರಿಗೆ, ಚಾರಣ ಸಂಘಗಳಿಗೆ ಗೌರವ ಪ್ರತಿ ಕಳುಹಿಸುವುದು ಹೆಚ್ಚು ಫಲಕಾರಿ.

ಜಾಹೀರಾತು ಪಡೆದು ಮುದ್ರಣ ವೆಚ್ಚ ತುಂಬಿಸಿಕೊಳ್ಳುವುದು ಸುಲಭವೆಂದು ಕಾಣುತ್ತದೆ. ಇಲ್ಲಿ ತೊಡಕುಗಳಿವೆ. ಅಚ್ಚಾದ ಪುಸ್ತಕಕ್ಕೆ ಜಿ.ಎಸ್.ಟಿ. ಇಲ್ಲ, ಪುಸ್ತಕವನ್ನಷ್ಟೇ ಮಾರುವವರಿಗೆ ನೋಂದಣಿಯೂ ಕಡ್ಡಾಯವಲ್ಲ. ಆದರೆ ಪುಸ್ತಕದಲ್ಲಿ ಜಾಹೀರಾತಿಗೆ ಜಾಗ ಮಾರುವುದು ಶೇ. 5 ತೆರಿಗೆಯ ಸೇವೆ. ಆಗ ರೂ. 20 ಲಕ್ಷದ ಮಿತಿ ಅನ್ವಯಿಸಿ, ಆ ಲೆಕ್ಕಕ್ಕೆ ತೆರಿಗೆಮುಕ್ತ ಪುಸ್ತಕದ ಮಾರಾಟವೂ ಅದೇ ಪ್ಯಾನ್‌ನಲ್ಲಿ ನಡೆಯುವ ಇತರ ವ್ಯಾಪಾರವೂ ಸೇರುತ್ತದೆ. ಈಗಾಗಲೇ ನೋಂದಾಯಿತರಾದ ವ್ಯಾಪಾರಿಗಳು ಮೊದಲ ಜಾಹೀರಾತಿನಿಂದಲೇ ತೆರಿಗೆ ಕಟ್ಟಬೇಕು; ದೇಶದೊಳಗೆ ಮಾರಿದ ಪುಸ್ತಕಗಳಿಗೆ ತಗಲಿದ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಪಡೆಯುವಂತಿಲ್ಲ. ಮೇಲಾಗಿ, ಅಂಚೆ ಇಲಾಖೆಯು 2025ರ ಮೇ 1ರಿಂದ ಆರಂಭಿಸಿದ ‘ಜ್ಞಾನ್ ಪೋಸ್ಟ್’ ಸೇವೆಯಲ್ಲಿ ಶೈಕ್ಷಣಿಕ, ಸಾಂಸ್ಕೃತಿಕ ಪುಸ್ತಕಗಳನ್ನು 300 ಗ್ರಾಂವರೆಗೆ ರೂ. 20ರ ಮೂಲ ದರದಲ್ಲಿ ಕಳುಹಿಸಬಹುದಾದರೂ, ಜಾಹೀರಾತು ಹೊತ್ತ ಪ್ರಕಟಣೆಗಳಿಗೆ ಈ ರಿಯಾಯಿತಿ ಇಲ್ಲ. ಓದುಗನ ವಿಶ್ವಾಸದ ಪ್ರಶ್ನೆ ಬೇರೆಯೇ ಇದೆ: ಹಣ ಕೊಟ್ಟ ಹೋಟೆಲನ್ನು ಹೊಗಳುವ ಕೈಪಿಡಿಯನ್ನು ಯಾರೂ ಎರಡನೆಯ ಸಲ ಕೊಳ್ಳುವುದಿಲ್ಲ.

ಹೊರದೇಶದ ಮಾರುಕಟ್ಟೆ

1973ರಲ್ಲಿ ವೀಲರ್ ದಂಪತಿ ಸಿಡ್ನಿಯಲ್ಲಿ ತಾವೇ ಹೊಲಿದು, ಅಂಗಡಿ ಅಂಗಡಿಗೆ ಒಯ್ದು ಮಾರಿದ 1,500 ಪ್ರತಿಗಳ ಪುಸ್ತಿಕೆಯೇ ‘ಲೋನ್ಲಿ ಪ್ಲಾನೆಟ್’ ಸಂಸ್ಥೆಯ ಮೂಲ. ಅವರ ಗ್ರಾಹಕರು ಅದೇ ಊರಿನಲ್ಲಿದ್ದರು. ಸಂಪಾಜೆಯ ಕೈಪಿಡಿಗೆ ಹೊರದೇಶದ ಗ್ರಾಹಕರು ಎರಡು ಬಗೆ. ಮೊದಲನೆಯವರು ಕೊಲ್ಲಿ ರಾಷ್ಟ್ರಗಳ ಹಾಗೂ ಅಮೆರಿಕದ ಕನ್ನಡ, ತುಳು ಮತ್ತು ಅರೆಭಾಷೆಯ ಕುಟುಂಬಗಳು. ಊರಿಗೆ ಬರುವ ಮಕ್ಕಳಿಗೆ ತೋರಿಸಲು ಅವರಿಗೆ ಪುಸ್ತಕ ಬೇಕು. ‘ಅಕ್ಕ’ ಸಮ್ಮೇಳನ ಹಾಗೂ ಕನ್ನಡ ಕೂಟಗಳು ಇವರನ್ನು ತಲುಪುವ ದಾರಿ. ಎರಡನೆಯವರು ಚಾರಣಿಗರು, ಪಕ್ಷಿವೀಕ್ಷಕರು. ಪುಷ್ಪಗಿರಿ ವನ್ಯಧಾಮವು 2012ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲೊಂದು. ಈ ಓದುಗರಿಗೆ ಇಂಗ್ಲಿಷ್ ಆವೃತ್ತಿ ಅನಿವಾರ್ಯ. ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿಯು ಐ.ಎಸ್.ಬಿ.ಎನ್. ಸಂಖ್ಯೆಯನ್ನು ಉಚಿತವಾಗಿ ನೀಡುತ್ತದೆ. ಭಾಷೆಗೊಂದು, ರೂಪಕ್ಕೊಂದು ಪ್ರತ್ಯೇಕ ಸಂಖ್ಯೆ ಪಡೆಯತಕ್ಕದ್ದು.

ಪುಸ್ತಕವನ್ನು ಇಲ್ಲಿಂದ ಒಂದೊಂದಾಗಿ ಕಳುಹಿಸಿದರೆ ಅಂಚೆ ವೆಚ್ಚ ಬೆಲೆಯನ್ನೇ ಮೀರಬಹುದು. 2025ರ ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ಅಮೆರಿಕಕ್ಕೆ ಅಂಚೆ ಬುಕಿಂಗ್ ಬಹುತೇಕ ನಿಂತೇ ಇತ್ತು. ಸಗಟು ರಫ್ತಿಗೆ ಐ.ಇ.ಸಿ. ಸಂಖ್ಯೆ ಬೇಕು, ನೋಂದಾಯಿತ ವ್ಯಾಪಾರಿಗೆ ರಫ್ತು ಶೂನ್ಯ ದರದ ಪೂರೈಕೆಯಾದುದರಿಂದ ಆ ಪಾಲಿನ ಕ್ರೆಡಿಟ್ ದೊರೆಯುತ್ತದೆ. ಬಿಡಿ ಮಾರಾಟಕ್ಕಾದರೆ ಬೇಡಿಕೆ ಬಂದಾಗ ಆಯಾ ದೇಶದಲ್ಲೇ ಮುದ್ರಿಸಿ ಕೊಡುವ ವ್ಯವಸ್ಥೆ ಮೇಲು. ಅಮೆರಿಕದ ಸಂಸ್ಥೆಯ ಮೂಲಕ ರಾಯಧನ ಬರುವಾಗ ಡಬ್ಲ್ಯು-8 ಬೆನ್ ನಮೂನೆ ಸಲ್ಲಿಸದಿದ್ದರೆ ಶೇ. 30 ಕಡಿತ, ಸಲ್ಲಿಸಿ ಉಭಯ ದೇಶಗಳ ತೆರಿಗೆ ಒಪ್ಪಂದದ ಲಾಭ ಪಡೆದರೆ ಶೇ. 15. ಕಡಿತವಾದುದಕ್ಕೆ ಇಲ್ಲಿನ ಆದಾಯ ತೆರಿಗೆಯಲ್ಲಿ ಜಮೆ ಕೋರಬಹುದು. ಲೇಖಕರ ರಾಯಧನಕ್ಕೆ 1961ರ ಕಾಯ್ದೆಯ 80ಕ್ಯೂಕ್ಯೂಬಿ ಕಲಮು ನೀಡುತ್ತಿದ್ದ ವಿನಾಯಿತಿಯಿಂದ ‘ಗೈಡ್’ಗಳನ್ನು ಹೆಸರಿಸಿಯೇ ಹೊರಗಿಡಲಾಗಿತ್ತೆಂಬುದು ಹಲವರಿಗೆ ತಿಳಿಯದ ಸಂಗತಿ.

ಕೊನೆಯದಾಗಿ ದಾಸ್ತಾನಿನ ವಿಷಯ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡು ಭಾಗದ ಭೂಕುಸಿತದಿಂದ ಘಟ್ಟದ ರಸ್ತೆ ವಾರಗಟ್ಟಲೆ ಮುಚ್ಚಿತ್ತು. ಹಳೆಯ ರಾಜ್ಯ ಹೆದ್ದಾರಿ 88 ಈಗ ರಾಷ್ಟ್ರೀಯ ಹೆದ್ದಾರಿ 275. ಕಡಬ ಪ್ರತ್ಯೇಕ ತಾಲೂಕು. ಕೈಪಿಡಿಯ ಮಾಹಿತಿ ಹೀಗೆ ಹಳತಾಗುವುದರಿಂದ ಮುದ್ರಣ ದರ ಅಗ್ಗವೆಂದು 3,000 ಪ್ರತಿ ಹಾಕಿಸುವುದಕ್ಕಿಂತ 500ರಂತೆ ಹಾಕಿಸಿ, ನಡುವೆ ತಿದ್ದುಪಡಿ ಹಾಳೆ ಸೇರಿಸುವುದು ಲೇಸು. ಮಾರ್ಚ್ 31ರಂದು ಉಳಿದ ಪ್ರತಿಗಳನ್ನು ತಗಲಿದ ವೆಚ್ಚ ಅಥವಾ ನಿಜವಾಗಿ ಬರಬಹುದಾದ ಬೆಲೆ, ಇವೆರಡರಲ್ಲಿ ಕಡಿಮೆಯಾದುದಕ್ಕೆ ದಾಸ್ತಾನಿನಲ್ಲಿ ತೋರಿಸಬೇಕು. ದಾರಿಯೇ ಬದಲಾದ ಕೈಪಿಡಿಯ ಬೆಲೆ ರದ್ದಿ ಕಾಗದದ ಬೆಲೆ.