ಹಳೆ ರೇಡಿಯೊದ ರೆಸಿಸ್ಟರ್ ಎಷ್ಟು ವ್ಯಾಟಿನದು?

ಪ್ರಶ್ನೆ: ಅಜ್ಜನ ವಾಲ್ವ್ ರೇಡಿಯೊದಲ್ಲಿ ಒಂದು ರೆಸಿಸ್ಟರ್ ಸುಟ್ಟಿದೆ. ಮೈ ಹಳದಿ, ತುದಿ ನೇರಳೆ, ನಡುವೆ ಕಿತ್ತಳೆ ಚುಕ್ಕೆ. ವ್ಯಾಟ್ ಬರೆದಿಲ್ಲ. ಯಾವುದು ಹಾಕಲಿ?
– ಓದುಗರೊಬ್ಬರು, ಕಂಪ್ಲಿ

ಉತ್ತರ: ಮೈ, ತುದಿ, ಚುಕ್ಕೆ ಈ ಕ್ರಮದಲ್ಲೇ ಓದಿ: 4, 7, ಮುಂದೆ ಮೂರು ಸೊನ್ನೆ. ಅಂದರೆ 47,000 ಓಮ್. ಬಣ್ಣ ವ್ಯಾಟ್ ಹೇಳುವುದಿಲ್ಲ. ಗಾತ್ರವೂ ಬರೀ ಸುಳಿವು. ನಂತರ ಬಂದ, ಬಣ್ಣದ ಪಟ್ಟಿ ಬಳಿದ ಕಾರ್ಬನ್ ರೆಸಿಸ್ಟರುಗಳಲ್ಲಿ ಅರ್ಧ ವ್ಯಾಟಿನದು ಸುಮಾರು 10 ಮಿ.ಮೀ. ಉದ್ದ; ನಿಮ್ಮಂಥ ಹಳೆಯವು ಇನ್ನೂ ದೊಡ್ಡವು. ಹಾಗಾಗಿ ಲೆಕ್ಕವನ್ನೇ ನಂಬಿ. ರೆಸಿಸ್ಟರ್ ಮೇಲೆ ಬೀಳುವ ವೋಲ್ಟೇಜಿನ ವರ್ಗವನ್ನು ಓಮ್‌ನಿಂದ ಭಾಗಿಸಿ: 200 ವೋಲ್ಟ್ ಇದ್ದರೆ 0.85 ವ್ಯಾಟ್. ದುಪ್ಪಟ್ಟು ತಾಳಿಕೆ ಇರಲಿ. ಹೊಸಪೇಟೆಯ ಬಿಡಿಭಾಗದ ಅಂಗಡಿಯಲ್ಲಿ 2 ವ್ಯಾಟಿನದನ್ನೇ ಕೇಳಿ. ಪಕ್ಕದ ಪೇಪರ್ ಕೆಪಾಸಿಟರ್ ಸೋರುತ್ತಿದ್ದರೆ ಹೊಸದೂ ಸುಡುತ್ತದೆ, ಅದನ್ನೂ ಬದಲಿಸಿ. ಪ್ಲಗ್ ಕಿತ್ತು, ಕೆಪಾಸಿಟರುಗಳ ಚಾರ್ಜ್ ಇಳಿಸಿದ ಮೇಲೆಯೇ ಕೈ ಹಾಕಿ.